ಯೋಗ ಮ್ಯಾಟ್, ಕಂಬಳಿ, ಬೆಲ್ಟ್, ಬ್ಲಾಕ್: ಮನೆಯ ಅಭ್ಯಾಸಕ್ಕೆ ಯಾವುದು ಬೇಕು, ಯಾವುದು ದಂಡ

ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ನಂಬಿ ಕೊಳ್ಳುವ ವಸ್ತುಗಳಲ್ಲಿ ಯೋಗ ಮ್ಯಾಟ್ ಕೂಡ ಒಂದು. ಆ ನಂಬಿಕೆಯೇ ತಪ್ಪು. 10ರಿಂದ 15 ಮಿ.ಮೀ. ದಪ್ಪದ ಎನ್‌ಬಿಆರ್ ಎಂಬ ಕೃತಕ ರಬ್ಬರಿನ ಫೋಮ್ ಮ್ಯಾಟ್ ಮಲಗಿ ಮಾಡುವ ವ್ಯಾಯಾಮಕ್ಕೆ ಸರಿ. ನಿಂತು ಮಾಡುವ ಆಸನಕ್ಕೆ ಅದು ಕೆಸರಿನಲ್ಲಿ ನಿಂತ ಹಾಗೆ. ವೃಕ್ಷಾಸನದಲ್ಲಿ ಊರಿದ ಪಾದ ಅದರಲ್ಲಿ ಹೂತು, ಹಿಮ್ಮಡಿ ಒಂದು ಕಡೆ, ಹೆಬ್ಬೆರಳಿನ ಬುಡ ಇನ್ನೊಂದು ಕಡೆ ವಾಲುತ್ತವೆ. ಕಣಕಾಲು ಎಡಕ್ಕೂ ಬಲಕ್ಕೂ ತೂಗಾಡುತ್ತಲೇ ಇರುತ್ತದೆ. ‘ನನಗೆ ಬ್ಯಾಲೆನ್ಸೇ ಇಲ್ಲ’ ಎಂದು ಕೊರಗುವವರು ಒಮ್ಮೆ ಮ್ಯಾಟ್ ಸರಿಸಿ ಬರಿ ನೆಲದ ಮೇಲೆ ನಿಂತು ನೋಡಲಿ, ಅರ್ಧ ಸಮಸ್ಯೆ ಅಲ್ಲೇ ಮುಗಿದಿರುತ್ತದೆ.

ಅಂಗೈ ಊರುವ ಆಸನಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಫಲಕಾಸನದಲ್ಲಿ ಭಾರ ಬೀಳುವುದು ಹೆಚ್ಚಾಗಿ ಅಂಗೈಯ ಬುಡಕ್ಕೆ, ಮಣಿಕಟ್ಟಿಗೆ ಅಂಟಿಕೊಂಡ ಭಾಗಕ್ಕೆ. ಮೆತ್ತನೆಯ ಫೋಮಿನಲ್ಲಿ ಆ ಭಾಗ ಬೆರಳುಗಳಿಗಿಂತ ಆಳಕ್ಕೆ ಇಳಿಯುತ್ತದೆ. ಗಟ್ಟಿ ನೆಲದಲ್ಲಿ ಹೆಚ್ಚುಕಡಿಮೆ 90 ಡಿಗ್ರಿಗೆ ಮಡಚಿದ್ದ ಮಣಿಕಟ್ಟು ಇಲ್ಲಿ ಇನ್ನಷ್ಟು ಹಿಂದಕ್ಕೆ ಬಾಗಬೇಕಾಗುತ್ತದೆ. ಮಣಿಕಟ್ಟು ಕೆಲವು ದಿನ ಸಹಿಸಿಕೊಂಡು ಆಮೇಲೆ ನೋಯಲು ಶುರುವಾಗುತ್ತದೆ, ನೋವಿನ ಹಿಂದೆಯೇ ಅಭ್ಯಾಸವೂ ನಿಲ್ಲುತ್ತದೆ. ಮೊಣಕಾಲಿಗೆ ಮೆತ್ತೆ ಬೇಕೆನ್ನುವವರಿಗೆ ಉತ್ತರ ದಪ್ಪ ಮ್ಯಾಟ್ ಅಲ್ಲ. ತೆಳು ಮ್ಯಾಟ್ ಹಾಸಿ, ಮೊಣಕಾಲು ಬೀಳುವ ಜಾಗಕ್ಕೆ ಮಾತ್ರ ಒಂದು ಕಂಬಳಿ ಮಡಚಿ ಇಟ್ಟುಕೊಂಡರೆ ಆಯಿತು.

ಮನೆಯಲ್ಲಿ ಯೋಗ ನಿಂತುಹೋಗುವುದಕ್ಕೆ ಸೋಮಾರಿತನ ಕಾರಣ ಎಂದು ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಬಹಳ ಸಲ ಕಾರಣ ಅಷ್ಟು ದೊಡ್ಡದಿರುವುದಿಲ್ಲ: ಕೈ ಜಾರುತ್ತದೆ, ಮ್ಯಾಟ್ ಬೀರುವಿನ ಹಿಂದಿದೆ, ಬೆಲ್ಟ್ ಎಲ್ಲಿದೆಯೋ ಗೊತ್ತಿಲ್ಲ, ವಿಡಿಯೊ ನೋಡಲು ಕತ್ತು ತಿರುಚಬೇಕು. ಹಾಗಾಗಿ ಇಲ್ಲಿ ಪ್ರತಿ ವಸ್ತುವಿಗೂ ಕೇಳಿರುವುದು ಒಂದೇ ಪ್ರಶ್ನೆ. ನಾಳೆ ಬೆಳಿಗ್ಗೆ ಇದು ರಗಳೆ ಕಡಿಮೆ ಮಾಡುತ್ತದೋ, ಹೆಚ್ಚು ಮಾಡುತ್ತದೋ?

ಅಂದಹಾಗೆ ಅಂಟಿನಂತೆ ಕಚ್ಚಿಕೊಳ್ಳುವ ಈ ಮ್ಯಾಟ್ ತೀರ ಇತ್ತೀಚಿನದು. 1980ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಪಾಠ ಮಾಡುತ್ತಿದ್ದ ಯೋಗ ಶಿಕ್ಷಕಿ ಏಂಜೆಲಾ ಫಾರ್ಮರ್, ಕಾರ್ಪೆಟ್ ಜಾರದಂತೆ ಅದರ ಅಡಿಗೆ ಹಾಕುವ ಹಾಳೆಯನ್ನು ಕತ್ತರಿಸಿ ಬಳಸಿದ್ದರಿಂದ ಇದರ ಚಾಲ್ತಿ ಶುರುವಾಯಿತು. ಅದಕ್ಕೆ ಮೊದಲು ಬರಿ ನೆಲ, ಜಮಖಾನ, ಕಂಬಳಿ. ಭಗವದ್ಗೀತೆಯ ಆರನೇ ಅಧ್ಯಾಯ ಹೇಳುವ ಆಸನವಂತೂ ದರ್ಭೆ, ಅದರ ಮೇಲೆ ಚರ್ಮ, ಅದರ ಮೇಲೆ ಬಟ್ಟೆ. ಅತಿ ಎತ್ತರವೂ ಅಲ್ಲ, ಅತಿ ತಗ್ಗೂ ಅಲ್ಲ. ಅದು ಕೂತು ಧ್ಯಾನ ಮಾಡುವವನಿಗೆ ಹೇಳಿದ್ದು, ಕೂರುವುದಕ್ಕೆ ಇಂದಿಗೂ ಅಷ್ಟೇ ಸರಿ. ಕಾಲು ಅಗಲಿಸಿ ನಿಂತು, ಅಂಗೈ ಊರಿ ಬೆವರುವ ಅಭ್ಯಾಸಕ್ಕೆ ಮಾತ್ರ ಜಾರದ ಮೇಲ್ಮೈ ಬೇಕಾಗುತ್ತದೆ. ನೆಲ ಒರಟಾಗಿದ್ದು ಪಾದ ಕಚ್ಚಿ ನಿಲ್ಲುವ ಹಾಗಿದ್ದರೆ, ಮ್ಯಾಟ್ ಇಲ್ಲದೆಯೇ ನಿಂತು ಮಾಡುವ ಆಸನಗಳನ್ನು ಶುರುಮಾಡಬಹುದು.

ಮ್ಯಾಟ್ ಕೊಳ್ಳುವುದಾದರೆ ಬಣ್ಣ, ಚಿತ್ರ ಬಿಟ್ಟು ಮೊದಲು ನೋಡಬೇಕಾದದ್ದು ಯಾವುದರಿಂದ ಮಾಡಿದ್ದು ಎಂಬುದನ್ನು. 3ರಿಂದ 5 ಮಿ.ಮೀ. ದಪ್ಪದ ಸಾದಾ ಪಿವಿಸಿ ಮ್ಯಾಟ್ ಹೊಸಬರಿಗೆ ಧಾರಾಳ ಸಾಕು. ತೂಕ ಕಡಿಮೆ, ತೊಳೆಯುವುದು ಸುಲಭ, ವರ್ಷಗಟ್ಟಲೆ ಬಾಳುತ್ತದೆ. ತಂದ ದಿನವೇ ಜಾರಿದರೆ ವಾಪಸ್ ಮಾಡಲು ಓಡಬೇಡಿ. ತಯಾರಿಕೆಯಲ್ಲಿ ಉಳಿದ ನಯವಾದ ಪದರ ಮೇಲಿರುತ್ತದೆ. ಅರ್ಧ ಲೀಟರ್ ನೀರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಹಾಕಿ, ಬಟ್ಟೆಯಿಂದ ಉಜ್ಜಿ, ಆಮೇಲೆ ಬರಿ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ ನೆರಳಲ್ಲಿ ಒಣಗಿಸಿದರೆ ಹಿಡಿತ ಸುಧಾರಿಸುತ್ತದೆ. ಸೋಪು ಹೆಚ್ಚಾದರೆ ಅದೇ ಇನ್ನೊಂದು ನಯವಾದ ಪದರವಾಗಿ ಕೂರುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಟಿಪಿಇ ಎಂಬ ರಬ್ಬರಿನಂಥ ಪ್ಲಾಸ್ಟಿಕ್‌ನ ಮ್ಯಾಟ್ ಹಗುರ, ವಾಸನೆ ಕಡಿಮೆ, ಪ್ರಯಾಣಕ್ಕೆ ಹೊತ್ತೊಯ್ಯಲು ಅನುಕೂಲ. ಆದರೆ ಎಳೆದರೆ ಹಿಗ್ಗುವ ಗುಣ ಅದಕ್ಕೆ ಹೆಚ್ಚು. ವೀರಭದ್ರಾಸನದಲ್ಲಿ ಎರಡು ಪಾದಗಳೂ ವಿರುದ್ಧ ದಿಕ್ಕಿಗೆ ಒತ್ತುವಾಗ ಪಾದ ಜಾರದಿದ್ದರೂ ಮ್ಯಾಟೇ ಲಂಬಿಸುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಮ್ಯಾಟಿನ ಎರಡು ತುದಿಗಳು ನೆಲದಲ್ಲಿ ಎಲ್ಲಿವೆ ಎಂದು ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಎರಡೂ ಪಾದಗಳ ಅಂಚಿಗೆ ಮ್ಯಾಟಿನ ಮೇಲೆ ಇನ್ನೆರಡು ಗೆರೆ. ವೀರಭದ್ರಾಸನದ ಎರಡನೇ ಬಗೆಯಲ್ಲಿ (ಕಾಲು ಅಗಲಿಸಿ, ಮುಂದಿನ ಮೊಣಕಾಲು ಮಡಚಿ, ಕೈಗಳನ್ನು ಎರಡೂ ಬದಿಗೆ ಚಾಚಿ) ಒಂದು ನಿಮಿಷ ನಿಂತು, ಕಾಲು ತೆಗೆಯುವ ಮೊದಲೇ ನೋಡಿ. ಪಾದ ಮ್ಯಾಟಿನ ಗೆರೆ ದಾಟಿದ್ದರೆ ಮೇಲ್ಮೈಗೆ ಹಿಡಿತವಿಲ್ಲ. ಪಾದ ಗೆರೆಯಲ್ಲೇ ಇದ್ದು ಗೆರೆಗಳೇ ದೂರವಾಗಿದ್ದರೆ ಮ್ಯಾಟ್ ಹಿಗ್ಗಿದೆ. ಮ್ಯಾಟಿನ ತುದಿಯೇ ನೆಲದ ಗೆರೆಯಿಂದ ಸರಿದಿದ್ದರೆ ತಪ್ಪು ಅಡಿಭಾಗದ್ದು, ಅಥವಾ ನೆಲದ ಧೂಳಿನದ್ದು. ಧೂಳಾದರೆ ನೆಲ ಒರೆಸಿದರೆ ಮುಗಿಯಿತು. ಮೇಲ್ಮೈ ಒಮ್ಮೆ ತೊಳೆದರೆ ಸರಿಹೋಗಬಹುದು. ಹಿಗ್ಗುವ ಮ್ಯಾಟಿಗೆ ಮಾತ್ರ ಮದ್ದಿಲ್ಲ.

ನೈಸರ್ಗಿಕ ರಬ್ಬರು ಹಿಡಿತದಲ್ಲಿ ಎಲ್ಲಕ್ಕಿಂತ ಮುಂದೆ, ಅದೂ ಮೊದಲ ದಿನದಿಂದಲೇ. ಜೇಡ್ ಕಂಪನಿಯ ಹಾರ್ಮೊನಿ ಈ ವರ್ಗದ ಪ್ರಸಿದ್ಧ ಮ್ಯಾಟ್. ದಪ್ಪ ಸುಮಾರು 4.8 ಮಿ.ಮೀ., ಅಂಗೈ ಇಟ್ಟ ಕಡೆ ಇಟ್ಟ ಹಾಗೇ. ಬೆಲೆಯಾಗಿ ತೆರಬೇಕಾದದ್ದು ಬೇರೆ ಕಡೆ. ಲ್ಯಾಟೆಕ್ಸ್ ಅಲರ್ಜಿ ಇದ್ದವರು ಮುಟ್ಟುವಂತಿಲ್ಲ. ಹೊಸದರಲ್ಲಿ ಟೈರಿನ ವಾಸನೆ, ಹೋಗಲು ವಾರಗಳು ಬೇಕು. ತೆರೆದ ರಂಧ್ರಗಳ ರಚನೆಯಾದ್ದರಿಂದ ಬೆವರನ್ನು ಹೀರಿಕೊಳ್ಳುತ್ತದೆ; ತೊಯ್ದರೆ ಒಣಗಲು ಒಂದು ದಿನಕ್ಕೂ ಹೆಚ್ಚು ಹಿಡಿಯಬಹುದು. ಬಿಸಿಲಿಗೆ ಹಾಕಿದರೆ ಮೇಲ್ಮೈ ಒಣಗಿ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಎಣ್ಣೆ ಇದಕ್ಕೆ ಶತ್ರು, ಎಣ್ಣೆ ಹಚ್ಚಿದ ಕಾಲಲ್ಲಿ ಹತ್ತಲೇಬಾರದು.

ಮಂಡುಕಾ ಕಂಪನಿಯ ಪ್ರೊ ಮ್ಯಾಟ್ ಇದಕ್ಕೆ ತದ್ವಿರುದ್ಧ. 6 ಮಿ.ಮೀ. ದಪ್ಪ, 71 ಅಂಗುಲ ಉದ್ದ, 26 ಅಂಗುಲ ಅಗಲ, ತೂಕ ಸುಮಾರು ಮೂರೂವರೆ ಕೆ.ಜಿ. ಪಿವಿಸಿಯೇ ಆದರೂ ಒತ್ತೊತ್ತಾದದ್ದು. ಆರು ಮಿ.ಮೀ. ಇದ್ದೂ ಪಾದ ಹೂಳುವುದಿಲ್ಲ, ಮೊಣಕಾಲೂ ನೋಯುವುದಿಲ್ಲ. ಮುಚ್ಚಿದ ರಂಧ್ರಗಳಾದ್ದರಿಂದ ಬೆವರು ಒಳಗಿಳಿಯದೆ ಮೇಲೇ ನಿಲ್ಲುತ್ತದೆ. ಹೊಸದರಲ್ಲಿ ಇದು ಚೆನ್ನಾಗಿಯೇ ಜಾರುತ್ತದೆ. ಕಂಪನಿಯವರೇ ಹೇಳುವ ಉಪಾಯವೆಂದರೆ ಹರಳು ಸಮುದ್ರ ಉಪ್ಪನ್ನು ಮೇಲೆ ಹರಡಿ, ಒದ್ದೆ ಬ್ರಷ್‌ನಿಂದ ತಿಕ್ಕಿ, ಒಂದು ದಿನ ಹಾಗೇ ಬಿಟ್ಟು ತೊಳೆಯುವುದು. ಇದರಿಂದ ಸ್ವಲ್ಪ ಸುಧಾರಿಸುತ್ತದೆ, ಉಳಿದದ್ದು ಬಳಕೆಯಿಂದಲೇ. ಒಂದೇ ಕಡೆ ಹಾಸಿಟ್ಟು ದಿನಾ ಬಳಸುವವರಿಗೆ ಸೈ. ತರಗತಿಗೆ ಹೆಗಲಲ್ಲಿ ಹೊತ್ತು ಹೋಗುವವರು ಯೋಚಿಸಬೇಕು.

ಲಿಫೋರ್ಮ್‌ನಂಥ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆಯ ಮೇಲ್ಮೈಯ ಮ್ಯಾಟುಗಳು ಅಂಗೈ ಸ್ವಲ್ಪ ಒದ್ದೆಯಾದಾಗಲೂ ಕಚ್ಚಿಕೊಳ್ಳುತ್ತವೆ. ಬೆವರುವ ಕೈಯವರಿಗೆ ಇದು ದೊಡ್ಡ ವರ. ಕೈ ಕಲೆ, ಲೋಷನ್ ಕಲೆ ಬೇಗ ಹಿಡಿಯುತ್ತದೆ ಎಂಬುದು ಇದರ ಕೊರತೆ. 185 ಸೆಂ.ಮೀ. ಉದ್ದ, 68 ಸೆಂ.ಮೀ. ಅಗಲದ ಲಿಫೋರ್ಮ್ ಮ್ಯಾಟಿನ ಮೇಲೆ ಕೈಕಾಲು ಇಡಲು ಗೆರೆಗಳನ್ನು ಮುದ್ರಿಸಿರುತ್ತಾರೆ. ನಟ್ಟನಡುವಿನ ಗೆರೆ ನಿಜಕ್ಕೂ ಉಪಯೋಗಿ. ಬೇರೆ ಗುರುತುಗಳನ್ನು ವೇದವಾಕ್ಯ ಎಂದುಕೊಳ್ಳಬಾರದು. ಸೊಂಟದ ಕೀಲಿನ ರಚನೆ, ಭುಜದ ಅಗಲ ಒಬ್ಬೊಬ್ಬರದು ಒಂದೊಂದು ಥರ. ಗೆರೆಗೆ ಪಾದ ಹೊಂದಿಸಲು ಹೋಗಿ ಮೊಣಕಾಲು ಒಳಕ್ಕೆ ತಿರುಚುವವರೇ ಹೆಚ್ಚು.

ಮರದ ತೊಗಟೆಯಿಂದ ಮಾಡುವ ಕಾರ್ಕ್ ಮ್ಯಾಟ್ ಒಣಗಿದ್ದಾಗ ಜಾರುತ್ತದೆ, ತೇವವಾದಾಗ ಹಿಡಿಯುತ್ತದೆ. ಶುರುವಿನಲ್ಲಿ ಅಂಗೈ ಬೀಳುವ ಜಾಗಕ್ಕೆ ನಾಲ್ಕು ಹನಿ ನೀರು ಚಿಮುಕಿಸಿಕೊಳ್ಳಬೇಕು. ನೇಯ್ದ ಹತ್ತಿಯ ಹಾಸು ಕೂರಲು, ಮಲಗಲು, ಪ್ರಾಣಾಯಾಮಕ್ಕೆ ಬಹಳ ಹಿತ. ನಯವಾದ ನೆಲದ ಮೇಲೆ ಅದೊಂದನ್ನೇ ಹಾಸಿ ಕಾಲು ಅಗಲಿಸಿ ಪಕ್ಕಕ್ಕೆ ಬಾಗುವ ತ್ರಿಕೋನಾಸನಕ್ಕೆ ನಿಂತರೆ ಮಾತ್ರ ಹಾಸಿನ ಸಮೇತ ಕಾಲು ಹೋಗುತ್ತದೆ. ಅಡಿಗೆ ಒಂದು ರಬ್ಬರು ಮ್ಯಾಟ್ ಇರಲೇಬೇಕು.

ಅಳತೆಯ ವಿಷಯಕ್ಕೆ ಬಂದರೆ, ಸಾಮಾನ್ಯ ಮ್ಯಾಟ್ 68 ಅಂಗುಲ ಉದ್ದ, 24 ಅಂಗುಲ ಅಗಲ. ಅಂದರೆ ಐದು ಅಡಿ ಎಂಟು ಅಂಗುಲದವರು ಶವಾಸನಕ್ಕೆ ಮಲಗಿದರೆ ತಲೆಯೋ ಹಿಮ್ಮಡಿಯೋ ನೆಲದ ಮೇಲೆ. ನಿಮ್ಮ ಎತ್ತರಕ್ಕೆ ನಾಲ್ಕು ಅಂಗುಲ ಕೂಡಿಸಿ ಕೊಳ್ಳಿ.

ಮ್ಯಾಟ್ ಬದಲಿಸುವ ಮುಂಚೆ ಇನ್ನೊಂದು ಸಂಶಯ ಪರಿಹರಿಸಿಕೊಳ್ಳಿ. ಕೈಕಾಲು ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಕೈ ಜಾರುವುದಕ್ಕೆ ಎಲ್ಲ ಸಲವೂ ಮ್ಯಾಟ್ ಕಾರಣವಲ್ಲ. ಭಾರವನ್ನು ಕೈಗಳ ಮೇಲೇ ಬಿಟ್ಟು ಸೊಂಟವನ್ನು ಹಿಂದಕ್ಕೆ ಎತ್ತದಿದ್ದರೆ ಎಂಥ ಮ್ಯಾಟಿನಲ್ಲೂ ಕೈ ಮುಂದಕ್ಕೆ ಓಡುತ್ತದೆ. ಬೆರಳು ಅಗಲಿಸಿ, ತೋರುಬೆರಳು ಮತ್ತು ಹೆಬ್ಬೆರಳಿನ ಬುಡಗಳನ್ನು ನೆಲಕ್ಕೆ ಒತ್ತಿ, ಮೊಣಕಾಲು ಬೇಕಾದರೆ ಮಡಚಿ, ಸೊಂಟವನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹತ್ತು ಉಸಿರು ನಿಲ್ಲಿ. ಆಗಲೂ ಜಾರಿದರೆ ಮ್ಯಾಟನ್ನು ಬೈಯಬಹುದು.

ಇನ್ನು ಉಳಿದ ಸಾಮಾನು. ಆಸನಕ್ಕೆ ಇಟ್ಟಿಗೆ, ಬೆಲ್ಟ್, ಕುರ್ಚಿ, ದಿಂಬು ಬಳಸುವುದನ್ನು ವ್ಯವಸ್ಥಿತವಾಗಿ ರೂಢಿಗೆ ತಂದು ಲೋಕಕ್ಕೆಲ್ಲ ಹಬ್ಬಿಸಿದವರು ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್. ಅವು ಇಲ್ಲದೆ ಮಾಡುವುದೇ ಶೂರತನ ಎಂಬ ಭಾವನೆ ಹೊಸಬರಲ್ಲಿ ಬೇಗ ಹುಟ್ಟುತ್ತದೆ, ಅದರಿಂದ ಸಿಗುವುದು ಬಗ್ಗಿದ ಬೆನ್ನು ಮಾತ್ರ. ಹಾಗೆಂದು ಪೂರ್ತಿ ಸೆಟ್ ಎಂದು ಕಟ್ಟಿ ಮಾರುವ ಪೆಟ್ಟಿಗೆಯೂ ಬೇಡ. ಅದರಲ್ಲಿ ಬರುವ ಬ್ಲಾಕ್ (ಇಟ್ಟಿಗೆಯಾಕಾರದ ಆಸರೆ) ಹಲವು ಸಲ ಒಂದೇ ಇರುತ್ತದೆ, ಬೆಲ್ಟ್ ಗಿಡ್ಡ, ಕಂಬಳಿ ಇರುವುದೇ ಇಲ್ಲ.

ಮೊದಲು ಬೇಕಾದದ್ದು ಆ ಕಂಬಳಿಯೇ, ಬಹುಶಃ ಮನೆಯಲ್ಲಿ ಆಗಲೇ ಇದೆ. ಒತ್ತಾಗಿ ನೇಯ್ದ ಹತ್ತಿಯದೋ ಉಣ್ಣೆಯದೋ ಆಗಬೇಕು. ಉಬ್ಬಿದ ರಜಾಯಿ ಕೂತ ತಕ್ಷಣ ಅಪ್ಪಚ್ಚಿ. ಸುಖಾಸನದಲ್ಲಿ ಕೂತು ಮೊಣಕಾಲುಗಳನ್ನು ನೋಡಿಕೊಳ್ಳಿ. ಅವು ಸೊಂಟದ ಮೂಳೆಗಿಂತ ಮೇಲಿದ್ದರೆ ಕೆಳಬೆನ್ನು ಹಿಂದಕ್ಕೆ ಗುಂಡಗಾಗಿರುತ್ತದೆ, ಐದು ನಿಮಿಷ ಕೂರುವುದೂ ಶಿಕ್ಷೆ. ಕಂಬಳಿಯನ್ನು 5ರಿಂದ 10 ಸೆಂ.ಮೀ. ಎತ್ತರಕ್ಕೆ ಮಡಚಿ, ಪೃಷ್ಠದ ಮೂಳೆಗಳು ಮಾತ್ರ ಅದರ ಅಂಚಿನ ಮೇಲೆ ಬರುವಂತೆ, ತೊಡೆ ಅದರಿಂದ ಇಳಿಯುವಂತೆ ಕೂತರೆ ಬೆನ್ನು ತಾನಾಗಿ ಏಳುತ್ತದೆ. ಬ್ಲಾಕ್ ಮೇಲೆ ಕೂರುವವರಿದ್ದಾರೆ. ಗಟ್ಟಿ ಅಂಚು ಒತ್ತುತ್ತದೆ, ಅಗಲ ಸಾಲದು. ಶವಾಸನದಲ್ಲಿ ಇದೇ ಕಂಬಳಿ ಸುರುಳಿಯಾಗಿ ಮೊಣಕಾಲಡಿಗೆ ಹೋಗುತ್ತದೆ, ಕೆಳಬೆನ್ನು ನೆಲಕ್ಕೆ ಒರಗುತ್ತದೆ. ಸರ್ವಾಂಗಾಸನಕ್ಕೆ ಭುಜದಡಿಗೆ ಮೂರು ಕಂಬಳಿಯ ಗಟ್ಟಿ ಮೆಟ್ಟಿಲು ಬೇಕು, ತಲೆ ಕೆಳಗೆ ನೆಲದ ಮೇಲೆ. ಅದನ್ನು ಶಿಕ್ಷಕರ ಎದುರು ಕಲಿಯದೆ ಮನೆಯಲ್ಲಿ ಒಬ್ಬರೇ ಶುರುಮಾಡಬಾರದು. ರಕ್ತದೊತ್ತಡ, ಗ್ಲಾಕೋಮಾ, ಕತ್ತಿನ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತಲೆಕೆಳಗಿನ ಆಸನಗಳ ಹತ್ತಿರ ಸುಳಿಯಬಾರದು.

ಬೆಲ್ಟ್ ಆರು ಅಡಿಯದು ಸಿಗುತ್ತದೆ, ಎಂಟು ಅಡಿಯದು ಕೊಳ್ಳಿ. ಸುಮಾರು ಒಂದೂವರೆ ಅಂಗುಲ ಅಗಲದ, ಹಿಗ್ಗದ ಹತ್ತಿಯದಾಗಿರಲಿ. ರಬ್ಬರ್ ಬ್ಯಾಂಡಿನಂತೆ ಎಳೆಯುವ ಪಟ್ಟಿ ಬೇರೆಯೇ ವಸ್ತು, ಇಲ್ಲಿ ಕೆಲಸಕ್ಕೆ ಬಾರದು. ಕೊಂಡಿಯಲ್ಲಿ ಎರಡು ಲೋಹದ ಡಿ ಉಂಗುರಗಳಿರುವುದು ಲೇಸು. ಒತ್ತಿ ಬಿಡಿಸುವ ಪ್ಲಾಸ್ಟಿಕ್ ಕೊಂಡಿ ಭಾರ ಬಿದ್ದಾಗ ನಿಧಾನಕ್ಕೆ ಸಡಿಲಾಗಬಹುದು. ಡಿ ಉಂಗುರವೂ ಜಾರುತ್ತದೆ ಎಂಬ ದೂರಿನ ಹಿಂದೆ ಬಹುಪಾಲು ತಪ್ಪು ಪೋಣಿಕೆ ಇರುತ್ತದೆ. ತುದಿಯನ್ನು ಎರಡೂ ಉಂಗುರಗಳೊಳಗೆ ತೂರಿಸಿ, ಹಿಂದಕ್ಕೆ ತಿರುಗಿಸಿ, ಹತ್ತಿರದ ಉಂಗುರದ ಮೇಲೆ ಹಾಯಿಸಿ, ಇನ್ನೊಂದರ ಒಳಗೆ ಮಾತ್ರ ಎಳೆಯಬೇಕು. ಉಂಗುರಗಳ ನಡುವೆ ಸಿಕ್ಕಿದ ಬಟ್ಟೆ ಎಳೆದಷ್ಟೂ ಬಿಗಿಯುತ್ತದೆ. ಬೆಲ್ಟಿನ ಮುಖ್ಯ ಕೆಲಸ ಸುಪ್ತ ಪಾದಾಂಗುಷ್ಠಾಸನ. ಮಲಗಿ, ಅಂಗಾಲಿಗೆ ಬೆಲ್ಟ್ ಸಿಕ್ಕಿಸಿ, ಕಾಲು ನೇರ ಎತ್ತಿ, ಭುಜ ನೆಲಕ್ಕೆ ಬಿಟ್ಟು ಹಿಡಿಯುವುದು. ಕಾಲು 60 ಡಿಗ್ರಿಗೇ ನಿಂತರೂ ಚಿಂತೆಯಿಲ್ಲ. ಎಳೆತ ತೊಡೆಯ ಹಿಂಭಾಗದ ನಡುವೆ ಇದ್ದರೆ ಸರಿ. ಪೃಷ್ಠದ ಮೂಳೆಯ ಹತ್ತಿರ ಚುಚ್ಚಿದ ಹಾಗಾದರೆ ಸ್ನಾಯು ಮೂಳೆಗೆ ಅಂಟುವ ಜಾಗಕ್ಕೆ ಪೆಟ್ಟಾಗುತ್ತಿದೆ ಎಂದರ್ಥ, ತಕ್ಷಣ ಮೊಣಕಾಲು ಮಡಚಿ. ಇಲ್ಲಿ ಆದ ಗಾಯ ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು.

ಬ್ಲಾಕ್ ಎರಡು ಬೇಕು, ಒಂದು ಸಾಲದು. ಚಾಲ್ತಿಯ ಅಳತೆ 9, 6, 4 ಅಂಗುಲ. ಹೇಗೆ ನಿಲ್ಲಿಸಿದರೂ ಒಂದೊಂದು ಎತ್ತರ ಸಿಗುತ್ತದೆ. ಕೊಳ್ಳುವ ಮುಂಚೆ ಅದನ್ನು ಉದ್ದಕ್ಕೆ ನಿಲ್ಲಿಸಿ ಅಂಗೈಯಿಂದ ಭಾರ ಬಿಡಿ. ವಾಲಿದರೆ, ಅಥವಾ ಹೆಬ್ಬೆರಳು ಒತ್ತಿದಾಗ ಗುಳಿ ಬಿದ್ದರೆ ಬೇಡ. ಕಾರ್ಕಿನದು ಭಾರ, ಅಲ್ಲಾಡುವುದಿಲ್ಲ, ತ್ರಿಕೋನಾಸನದಲ್ಲಿ ಕೈ ಊರಲು ಅದೇ ಸರಿ. ಫೋಮಿನದು, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧದಲ್ಲಿ ಸೊಂಟದಡಿಗೆ ಇಡಲು ಹಿತ. ಇಡಬೇಕಾದ ಜಾಗ ಬೆನ್ನೆಲುಬಿನ ಬುಡದ ಚಪ್ಪಟೆ ಮೂಳೆ, ಅದರ ಮೇಲಿನ ಕುಳಿಯಲ್ಲ. ಬೋಲ್ಸ್ಟರ್ ಎಂಬ ಉದ್ದನೆಯ ಗಟ್ಟಿ ದಿಂಬನ್ನು ಆರು ತಿಂಗಳಾದರೂ ಅಭ್ಯಾಸ ನಿಂತಿಲ್ಲದಿದ್ದರೆ ಕೊಳ್ಳಿ. ಅಲ್ಲಿಯವರೆಗೆ ಎರಡು ಕಂಬಳಿಯ ಸುರುಳಿ ಅದರ ಕೆಲಸ ಮಾಡುತ್ತದೆ.

ಮೊಬೈಲಿನ ಯೋಗ ಆ್ಯಪ್‌ಗಳಿಗೆ ಅರ್ಧ ಅಂಕ. ಧ್ವನಿ ಮಾತ್ರ ಕೇಳಿಕೊಂಡು ಮಾಡಿದರೆ ಒಳ್ಳೆಯ ಜತೆಗಾರ. ನೋಡಿಕೊಂಡು ಮಾಡಹೊರಟರೆ ತಲೆ ಇಳಿಬಿಡಬೇಕಾದಲ್ಲೂ ಕತ್ತು ಎತ್ತಿ ಪರದೆ ಹುಡುಕಬೇಕು. ತೆರೆಯ ಮೇಲಿನವರ ಎಡ ನಿಮ್ಮ ಬಲವಾಗಿ ಗೊಂದಲ ಬೇರೆ. ಸತತ ಎಷ್ಟು ದಿನ ಎಂದು ಎಣಿಸಿ ತೋರಿಸುವ ವ್ಯವಸ್ಥೆ ಒಂದು ದಿನ ತಪ್ಪಿದಾಗ ಸೊನ್ನೆ ತೋರಿಸಿ ಉತ್ಸಾಹಕ್ಕೆ ತಣ್ಣೀರೆರಚುತ್ತದೆ. ಒಂದು ಹಾಳೆಯಲ್ಲಿ ಆಸನಗಳ ಹೆಸರು ಬರೆದು ಗೋಡೆಗೆ ಅಂಟಿಸಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಟೈಮರ್ ಮಾತ್ರ ಇಟ್ಟುಕೊಳ್ಳುವುದು ಎಷ್ಟೋ ವಾಸಿ.

ಆ ಹಾಳೆಗೆ ಹದಿನೈದು ನಿಮಿಷದ ಒಂದು ಸರಣಿ. ಪೂರ್ತಿ ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು. ಕಂಬಳಿಯ ಮೇಲೆ ಕೂತು ಉಸಿರು ಗಮನಿಸುವುದು ಒಂದು ನಿಮಿಷ. ಅಂಗೈ, ಮೊಣಕಾಲು ಊರಿ ಬೆನ್ನು ಮೇಲೆ ಕೆಳಗೆ ಬಾಗಿಸುವ ಮಾರ್ಜಾಲಾಸನ ಒಂದು ನಿಮಿಷ. ಅಧೋಮುಖ ಶ್ವಾನಾಸನ ಐದೈದು ಉಸಿರಿನಂತೆ ಎರಡು ಸಲ, ನಡುವೆ ಮಂಡಿಯೂರಿ ಮುಂದಕ್ಕೆ ಬಾಗಿ ಹಣೆ ನೆಲಕ್ಕಿಡುವ ಬಾಲಾಸನ, ಒಟ್ಟು ಎರಡು ನಿಮಿಷ. ಬ್ಲಾಕ್ ಹಿಡಿದು ತ್ರಿಕೋನಾಸನ ಎರಡು ನಿಮಿಷ, ವೀರಭದ್ರಾಸನದ ಎರಡನೇ ಬಗೆ ಒಂದೂವರೆ ನಿಮಿಷ, ಎರಡೂ ಬದಿ ಸೇರಿ. ಬೆಲ್ಟಿನೊಂದಿಗೆ ಸುಪ್ತ ಪಾದಾಂಗುಷ್ಠಾಸನ ಎರಡೂವರೆ ನಿಮಿಷ, ಬ್ಲಾಕ್ ಮೇಲೆ ಸೇತುಬಂಧ ಒಂದು, ಶವಾಸನ ನಾಲ್ಕು. ಮೊದಲ ವಾರವೇ ಒಂದು ಗಂಟೆ ಮಾಡುವವರು ಎರಡನೇ ವಾರ ಮೈಕೈ ನೋವಲ್ಲಿ ಬಿಡುತ್ತಾರೆ, ಹದಿನೈದರಲ್ಲೇ ಒಂದು ತಿಂಗಳು ನಿಲ್ಲಿ. ಸಮಯವೇ ಇಲ್ಲದ ದಿನಕ್ಕೆ ಶ್ವಾನಾಸನ ಒಂದು, ಸುಪ್ತ ಪಾದಾಂಗುಷ್ಠಾಸನ ಎರಡು, ಶವಾಸನ ಎರಡು ನಿಮಿಷ ಎಂದು ಮೊದಲೇ ಬರೆದಿಟ್ಟಿರಿ. ಆ ದಿನ ಯೋಚಿಸಲು ಕೂತರೆ ಐದು ನಿಮಿಷವೂ ಹೋಗುತ್ತದೆ.

ಜಾಗವಿದ್ದರೆ ಮ್ಯಾಟನ್ನು ಸುತ್ತಲೇಬೇಡಿ, ಹಾಸಿದಂತೆಯೇ ಇರಲಿ. ಕಂಬಳಿ, ಬೆಲ್ಟ್, ಬ್ಲಾಕ್ ಅದರ ತಲೆದೆಸೆಯಲ್ಲಿ. ಜಾಗವಿಲ್ಲದಿದ್ದರೆ ದಪ್ಪ ಕೋಲಿನ ಮೇಲೆ ನೇತುಹಾಕಿ. ವಾಷಿಂಗ್ ಮೆಷಿನ್‌ಗೆ ಯಾವ ಮ್ಯಾಟನ್ನೂ ಹಾಕಬೇಡಿ, ಹಿಂಡುವ ಸುತ್ತಿನಲ್ಲಿ ಹರಿಯುವುದೇ ಹೆಚ್ಚು. ಅಂಗೈ, ಪಾದ ಬೀಳುವ ಕಡೆ ಹೊಳಪು ಬಂದು ತೊಳೆದರೂ ಹಿಡಿತ ಮರಳದಿದ್ದರೆ ಆ ಮ್ಯಾಟಿನ ಕಾಲ ಮುಗಿದಿದೆ, ಕತ್ತರಿಸಿ ಕಂಬಳಿಯ ಅಡಿಗೋ ಕುರ್ಚಿಯ ಕಾಲಿನ ಅಡಿಗೋ ಹಾಕಿಕೊಳ್ಳಿ. ಸುತ್ತಲೇಬೇಕಾದರೆ ಬಳಸುವ ಮೇಲ್ಮೈ ಹೊರಗೆ ಬರುವಂತೆ ಸುತ್ತಿ. ಒಳಗೆ ಸುತ್ತಿದರೆ ಬಿಡಿಸಿದಾಗ ಎರಡೂ ತುದಿ ಮೇಲಕ್ಕೆ ಸುರುಳಿಯಾಗುತ್ತವೆ, ಮೊದಲ ಶ್ವಾನಾಸನಕ್ಕೆ ಕೈ ಊರುವಾಗಲೇ ಬೆರಳು ಎಡವುತ್ತದೆ.